ಮೈಕೆಲ್ ಜಾಕ್ಸನ್ ಕಾರ್ಟೂನು ಮತ್ತು ಅಭಿಮಾನಿಗಳ ಸಿಟ್ಟು

ಕೇಳುಗರೆಲ್ಲರಿಗೂ ನಮಸ್ಕಾರ.

ಮೈಕೆಲ್ ಜಾಕ್ಸನ್ ಕಾರ್ಟೂನ್ ಆದದ್ದು 13ನೇ ವಯಸ್ಸಿನಲ್ಲಿ. 1971ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಎಬಿಸಿ ವಾಹಿನಿ ಶನಿವಾರ ಬೆಳಗ್ಗೆ ಮಕ್ಕಳಿಗಾಗಿ ಒಂದು ಸರಣಿ ಶುರು ಮಾಡಿತು. ಜಾಕ್ಸನ್ ಮನೆಯ ಐವರು ಅಣ್ಣತಮ್ಮಂದಿರು, ಅವರ ಬ್ಯಾಂಡು, ಅವರ ತುಂಟಾಟ. ಹಾಡುಗಳು ಅವರವೇ. ಮಾತು ಮಾತ್ರ ಬೇರೆ ಕಲಾವಿದರದ್ದು. ಅಂದರೆ ಮೈಕೆಲ್ ಅಭಿಮಾನಿಗಳು ಅವರನ್ನು ಗೆರೆಗಳಲ್ಲಿ ನೋಡುವುದಕ್ಕೆ ಅವರ ಬಾಲ್ಯದಿಂದಲೇ ಒಗ್ಗಿಹೋಗಿದ್ದರು. ಹಾಗಿದ್ದ ಮೇಲೆ, 2009ರ ಜೂನ್ 25ರಂದು ಲಾಸ್ ಏಂಜಲಿಸ್‌ನಲ್ಲಿ ಅವರು ತೀರಿಕೊಂಡ ನಂತರ ಬಂದ ಕಾರ್ಟೂನುಗಳ ಮೇಲೆ ಇದೇ ಅಭಿಮಾನಿಗಳಿಗೆ ಅಷ್ಟೊಂದು ಸಿಟ್ಟು ಬಂದದ್ದು ಯಾಕೆ? ಇವತ್ತು ಮಾತಾಡೋಣ ಅಂದುಕೊಂಡಿರುವುದು ಅದರ ಬಗ್ಗೆ.

ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ಜಾಕ್ಸನ್ ಅವರಷ್ಟು ಸುಲಭವಾಗಿ ಚಿತ್ರಕ್ಕೆ ಸಿಗುವ ಗಾಯಕ ಇನ್ನೊಬ್ಬರಿಲ್ಲ. ಕಪ್ಪು ಟೋಪಿ, ಒಂದೇ ಕೈಗೆ ಬಿಳಿ ಗವಸು, ಗಿಡ್ಡ ಪ್ಯಾಂಟು, ಕೆಳಗೆ ಬಿಳಿ ಕಾಲುಚೀಲ. ಮುಖವೇ ಬೇಡ, ನೆರಳು ಬರೆದರೂ ಸಾಕು. ಇದು ತಾನಾಗಿ ಆದದ್ದಲ್ಲ. ಸ್ಟೇಡಿಯಂನ ಕೊನೇ ಸಾಲಿನಲ್ಲಿ ನಿಂತವನಿಗೂ ತನ್ನ ಪಾದ ಕಾಣಬೇಕು, ಕೈ ಕಾಣಬೇಕು ಎಂದು ಯೋಚಿಸಿ ಹಾಕಿಕೊಂಡ ವೇಷ ಅದು. 1983ರಲ್ಲಿ ಟಿವಿಯಲ್ಲಿ ಮೊದಲ ಸಲ ಮೂನ್‌ವಾಕ್, ಅಂದರೆ ಮುಂದೆ ನಡೆಯುವ ಹಾಗೆ ಕಾಣುತ್ತಾ ಹಿಂದಕ್ಕೆ ಜಾರುವ ಹೆಜ್ಜೆ, ಮಾಡಿದಾಗ ಜನರ ಕಣ್ಣು ಹೋದದ್ದು ಆ ಬಿಳಿ ಕಾಲುಚೀಲಗಳ ಮೇಲೇ. ಹೀಗೆ ಅರ್ಧ ಕೆಲಸವನ್ನು ಅವರೇ ಮುಗಿಸಿಕೊಟ್ಟಿದ್ದರು. ವ್ಯಂಗ್ಯಚಿತ್ರಕಾರನಿಗೆ ಉಳಿದದ್ದು ಇನ್ನರ್ಧ.

ಅಮೆರಿಕದ ಪತ್ರಿಕೆಗಳಲ್ಲಿ ಹೆಸರಾಂತರು ಸತ್ತಾಗ ಒಂದು ಚಿತ್ರ ಬಂದೇ ಬರುತ್ತದೆ. ಮೋಡದ ಮೇಲೆ ಸ್ವರ್ಗದ ಬಾಗಿಲು, ಅಲ್ಲಿ ದಪ್ಪ ಪುಸ್ತಕ ಹಿಡಿದು ಬಾಗಿಲು ಕಾಯುವ ಸಂತ ಪೀಟರ್, ಎದುರಿಗೆ ಸತ್ತವರು. ಜಾಕ್ಸನ್ ಆದರೆ ಮೋಡದ ಮೇಲೆ ಮೂನ್‌ವಾಕ್ ಮಾಡಿಸಿದರಾಯಿತು. ಇಂಥ ಚಿತ್ರಗಳ ಬಗ್ಗೆ ಯಾರೂ ದೊಡ್ಡ ತಕರಾರು ತೆಗೆಯುವುದಿಲ್ಲ. ನನ್ನನ್ನು ಕೇಳಿದರೆ ಇದು ವ್ಯಂಗ್ಯಚಿತ್ರಗಳಲ್ಲೇ ಸೋಮಾರಿ ಜಾತಿ. ಯಾರು ಸತ್ತರೂ ನಡೆಯುತ್ತದೆ, ಟೋಪಿ ಬದಲಾಯಿಸಿದರೆ ಸಾಕು.

ಸಿಟ್ಟು ಬರುವುದು ಪೆನ್ನು ಟೋಪಿ ಬಿಟ್ಟು ಚರ್ಮಕ್ಕೆ ಬಂದಾಗ.

ಎಂಬತ್ತರ ದಶಕದಲ್ಲಿ ಜಾಕ್ಸನ್ ಅವರ ಮೈಬಣ್ಣ ವರ್ಷದಿಂದ ವರ್ಷಕ್ಕೆ ಬೆಳ್ಳಗಾಗುತ್ತಾ ಹೋಯಿತು. ಕರಿಯನಾಗಿ ಹುಟ್ಟಿದವನು ಬಿಳಿಯನಾಗಲು ಹೊರಟಿದ್ದಾನೆ ಎಂಬ ಜೋಕು ಎಲ್ಲೆಲ್ಲೂ ಓಡಾಡಿತು. 1993ರ ಫೆಬ್ರುವರಿಯಲ್ಲಿ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೀ ಜೊತೆಗಿನ ನೇರಪ್ರಸಾರದ ಸಂದರ್ಶನದಲ್ಲಿ ಅವರು ಇದಕ್ಕೆ ಉತ್ತರ ಕೊಟ್ಟರು. ತನಗೆ ಚರ್ಮದ ಬಣ್ಣವನ್ನೇ ಅಳಿಸಿಹಾಕುವ ಕಾಯಿಲೆ ಇದೆ, ಅದು ತನ್ನ ಕೈಯಲ್ಲಿಲ್ಲ ಎಂದರು. ತುಂಬಾ ಜನ ನಂಬಲಿಲ್ಲ. ಜೋಕು ಮುಂದುವರಿಯಿತು. ಅವರು ಸತ್ತ ಮೇಲೆ, 2010ರ ಫೆಬ್ರುವರಿಯಲ್ಲಿ ಮರಣೋತ್ತರ ಪರೀಕ್ಷೆಯ ವರದಿ ಹೊರಬಂತು. ಅದರಲ್ಲಿ ವಿಟಿಲಿಗೊ, ಅಂದರೆ ತೊನ್ನು, ಇತ್ತೆಂದು ವೈದ್ಯರೇ ಬರೆದಿದ್ದರು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಬಣ್ಣದ ಕೋಶಗಳನ್ನು ಕೊಲ್ಲುವ ಕಾಯಿಲೆ ಇದು. ಕಲೆಗಳು ಮೈಯ ಬಹುಪಾಲು ಆವರಿಸಿದಾಗ ಉಳಿದ ಬಣ್ಣವನ್ನೂ ಕ್ರೀಮು ಹಚ್ಚಿ ತೆಗೆದು ಮೈಯೆಲ್ಲ ಒಂದೇ ಬಣ್ಣ ಮಾಡುವುದು ಅದಕ್ಕಿರುವ ಚಿಕಿತ್ಸೆಗಳಲ್ಲಿ ಒಂದು.

ಈಗ ಅಭಿಮಾನಿಯ ಜಾಗದಲ್ಲಿ ನಿಂತು ನೋಡಿ. ಹದಿನಾರು ಹದಿನೇಳು ವರ್ಷ ಅವರು ಹೇಳುತ್ತಲೇ ಬಂದ ಮಾತು ನಿಜವೆಂದು ಕಾಗದದ ಮೇಲೆ ಸಾಬೀತಾಯಿತು. ಆದರೆ ಅಷ್ಟು ಹೊತ್ತಿಗೆ ಆ ಬಿಳಿ ಮುಖ ಕಾರ್ಟೂನುಗಳಲ್ಲಿ ಅಚ್ಚಾಗಿ ಕೂತುಬಿಟ್ಟಿತ್ತು. ವರದಿ ಓದಿ ಯಾರೂ ಹಳೇ ಚಿತ್ರಗಳನ್ನು ತಿದ್ದುವುದಿಲ್ಲವಲ್ಲ. ಈ ಒಂದು ವಿಷಯದಲ್ಲಿ ನಾನು ಪೂರ್ತಿಯಾಗಿ ಅಭಿಮಾನಿಗಳ ಕಡೆ. ಕಾಯಿಲೆಯನ್ನು ಚಾಳಿ ಎಂದು ಬರೆದ ಜೋಕು ಅದು. ಕ್ರೂರ ಅನ್ನುವುದಕ್ಕಿಂತ ಜಾಸ್ತಿ, ತಪ್ಪು ಮಾಹಿತಿ.

ಮೂಗಿನ ಕಥೆ ಬೇರೆ. ಮೂಗಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದನ್ನು 1988ರ ಆತ್ಮಕಥೆಯಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ಅದು ಅವರ ಆಯ್ಕೆ. ಆಯ್ಕೆಯನ್ನು ನೋಡಿ ನಕ್ಕರೆ ಅದೊಂದು ಮಟ್ಟದ ಕುಚೇಷ್ಟೆ, ಅಷ್ಟೆ. ಅಭಿಮಾನಿಗಳು ಚರ್ಮ, ಮೂಗು ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಜಗಳಕ್ಕೆ ನಿಂತಾಗ ಅವರ ನ್ಯಾಯವಾದ ಮಾತೂ ತೂಕ ಕಳೆದುಕೊಳ್ಳುತ್ತದೆ.

ಸತ್ತು ನಾಲ್ಕು ತಿಂಗಳೂ ಆಗಿರಲಿಲ್ಲ. 2009ರ ಅಕ್ಟೋಬರ್ 7ರಂದು ಸೌತ್ ಪಾರ್ಕ್ ಎಂಬ ಅಮೆರಿಕದ ಕಾರ್ಟೂನ್ ಸರಣಿಯಲ್ಲಿ ಒಂದು ಕಂತು ಬಂತು. ಆ ವರ್ಷ ಸತ್ತ ಪ್ರಸಿದ್ಧರೆಲ್ಲ ರನ್‌ವೇ ಮೇಲೆ ನಿಂತೇ ಇರುವ ವಿಮಾನದಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ವಿಮಾನ ಹೊರಡುತ್ತಿಲ್ಲ. ಯಾಕೆಂದರೆ ಜಾಕ್ಸನ್ ತಾನು ಸತ್ತಿದ್ದೇನೆ ಎಂದು ಒಪ್ಪುತ್ತಲೇ ಇಲ್ಲ! ಕೊನೆಗೆ ಅವರ ದೆವ್ವ ಒಬ್ಬ ಪುಟ್ಟ ಹುಡುಗನ ಮೈಮೇಲೆ ಬರುತ್ತದೆ. ಚರ್ಮದ ಜೋಕೂ ಇತ್ತು, ಮಕ್ಕಳ ವಿಷಯದಲ್ಲಿ ಅವರ ಮೇಲಿದ್ದ ಆರೋಪಗಳ ಜೋಕೂ ಇತ್ತು. ಇನ್ನೂ ದುಃಖ ಆರದ ಅಭಿಮಾನಿಗಳಿಗೆ ಇದು ಉಪ್ಪು ಸುರಿದ ಹಾಗಾಗದೆ ಇನ್ನೇನು? ಆದರೆ ಒಂದು ಮಾತು. ಸತ್ತದ್ದನ್ನು ಒಪ್ಪದವರು ಆಗ ಹೊರಗೂ ಇದ್ದರು. ಅವರು ಸತ್ತಿಲ್ಲ, ಎಲ್ಲೋ ಅಡಗಿದ್ದಾರೆ ಎಂದು ನಂಬಿ ಸುಳಿವು ಹುಡುಕುತ್ತಿದ್ದ ಅಭಿಮಾನಿಗಳು ಕಡಿಮೆಯೇನಿರಲಿಲ್ಲ. ಆ ವಿಮಾನದ ಜೋಕಿನಲ್ಲಿ ಒಂದು ಪಾಲು ಅವರಿಗೂ ಸೇರಬೇಕಾದದ್ದು. ಅದು ಮಾತ್ರ ನನಗೆ ಜಾಣ ಹಾಸ್ಯ ಅನ್ನಿಸಿತು. ಮಿಕ್ಕದ್ದು ಹಳೇ ಸರಕು.

ಹಾಗಂತ ಜಾಕ್ಸನ್‌ಗೆ ಹಾಸ್ಯವೇ ಆಗುತ್ತಿರಲಿಲ್ಲ ಎಂದಲ್ಲ. 1991ರಲ್ಲಿ ಸಿಂಪ್ಸನ್ಸ್ ಎಂಬ ಕಾರ್ಟೂನ್ ಸರಣಿಯ ಒಂದು ಕಂತಿಗೆ ಅವರು ಧ್ವನಿ ಕೊಟ್ಟರು. ಕಥೆ ಹೀಗಿದೆ. ಹೋಮರ್ ಸಿಂಪ್ಸನ್ ಗುಲಾಬಿ ಬಣ್ಣದ ಶರ್ಟು ಹಾಕಿಕೊಂಡು ಕೆಲಸಕ್ಕೆ ಹೋದ ತಪ್ಪಿಗೆ ಮಾನಸಿಕ ಆಸ್ಪತ್ರೆ ಸೇರುತ್ತಾನೆ. ಅಲ್ಲಿ ಒಬ್ಬ ದಢೂತಿ ಬಿಳಿಯ ತಾನೇ ಮೈಕೆಲ್ ಜಾಕ್ಸನ್ ಅನ್ನುತ್ತಾನೆ. ನಿಜಕ್ಕೂ ಅವನು ಗಾರೆ ಕೆಲಸದವನು. ಆ ಪಾತ್ರಕ್ಕೆ ಮಾತಾಡಿದವರು ಸ್ವತಃ ಜಾಕ್ಸನ್, ಆದರೆ ಹೆಸರು ಹಾಕಿಸಿಕೊಂಡದ್ದು ಜಾನ್ ಜೇ ಸ್ಮಿತ್ ಎಂದು. ಹಾಡಿದ್ದು ಮಾತ್ರ ಕಿಪ್ ಲೆನನ್ ಎಂಬ ಬೇರೊಬ್ಬ ಗಾಯಕ. ತನ್ನ ಮೇಲೆ ತಾನೇ ಮಾಡಿಕೊಂಡ ಚೇಷ್ಟೆ ಇದು. ಅಭಿಮಾನಿಗಳಿಗೆ ಈ ಕಂತು ಅಚ್ಚುಮೆಚ್ಚು. 2009ರಲ್ಲಿ ಅವರು ಸತ್ತಾಗ ಫಾಕ್ಸ್ ವಾಹಿನಿ ಶ್ರದ್ಧಾಂಜಲಿ ಎಂದು ಇದನ್ನೇ ಮತ್ತೆ ಪ್ರಸಾರ ಮಾಡಿತು.

ಹತ್ತು ವರ್ಷ ಕಳೆಯಿತು. 2019ರ ಮಾರ್ಚ್‌ನಲ್ಲಿ, ಬಾಲ್ಯದಲ್ಲಿ ಜಾಕ್ಸನ್ ತಮ್ಮನ್ನು ಲೈಂಗಿಕವಾಗಿ ಬಳಸಿಕೊಂಡರು ಎಂದು ಇಬ್ಬರು ಗಂಡಸರು ಹೇಳುವ ಸಾಕ್ಷ್ಯಚಿತ್ರ ಪ್ರಸಾರವಾಯಿತು. ಅದರ ಬೆನ್ನಿಗೇ ಸಿಂಪ್ಸನ್ಸ್ ತಯಾರಕರು ಆ ಕಂತನ್ನು ವಾಪಸ್ ತೆಗೆದುಕೊಂಡರು. ತಯಾರಕರಲ್ಲಿ ಒಬ್ಬರಾದ ಜೇಮ್ಸ್ ಬ್ರೂಕ್ಸ್ ಕೊಟ್ಟ ಸಮರ್ಥನೆಯ ಸಾರ ಇಷ್ಟು: ಪುಸ್ತಕ ಸುಡುವುದು ನನಗೂ ಆಗದು, ಆದರೆ ಇದು ನಮ್ಮ ಪುಸ್ತಕ, ಒಂದು ಅಧ್ಯಾಯ ಕಿತ್ತುಹಾಕುವ ಹಕ್ಕು ನಮಗಿದೆ.

ಅಭಿಮಾನಿಗಳು ಕೆರಳಿದರು. 2005ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ ಅವರನ್ನು ಎಲ್ಲಾ 14 ಆರೋಪಗಳಿಂದ ಬಿಡುಗಡೆ ಮಾಡಿತ್ತಲ್ಲ, ಸತ್ತವರು ಬಂದು ಉತ್ತರ ಕೊಡಲಾಗುತ್ತದೆಯೇ ಎಂದು ಕೇಳಿದರು. ಕಂತು ತೆಗೆದದ್ದು ನನಗೂ ಸರಿ ಕಾಣಲಿಲ್ಲ, ಆದರೆ ಕಾರಣ ಅವರದ್ದಲ್ಲ. 2005ರ ಮೊಕದ್ದಮೆ ಬೇರೆ ಹುಡುಗನದು. 2019ರ ಆರೋಪ ಮಾಡಿದವರು ಬೇರೆ. ಆ ಕಾಲದಲ್ಲಿ ಜನ ಜಾಕ್ಸನ್ ಅವರನ್ನು ಎಷ್ಟು ಹಚ್ಚಿಕೊಂಡಿದ್ದರು, ಎಷ್ಟು ಮುಗ್ಧರೆಂದು ನಂಬಿದ್ದರು ಎಂಬುದು ಆ ಕಂತಿನಲ್ಲಿ ಕಣ್ಣಿಗೆ ಹೊಡೆಯುವ ಹಾಗಿದೆ. ಅದನ್ನು ಬಚ್ಚಿಟ್ಟರೆ ಆರೋಪ ಮಾಡಿದವರ ಮಾತು ಅರ್ಥವಾಗುವುದೂ ಕಷ್ಟ. ಅವರು ಹೇಳುತ್ತಿರುವುದೂ ಆ ಮೋಡಿಯ ಬಗ್ಗೆಯೇ ಅಲ್ವಾ? ಇನ್ನು ಆ ಇಬ್ಬರ ಮೇಲೆಯೇ ಬಿದ್ದು ಬಯ್ಯುವ ಅಭಿಮಾನಿಗಳ ಜೊತೆ ನನಗೆ ಮಾತೇ ಇಲ್ಲ.

ಅಭಿಮಾನ ಕೋರ್ಟಿಗೂ ಹೋಗಿದೆ, ಗೊತ್ತಾ? 2014ರಲ್ಲಿ ಫ್ರಾನ್ಸಿನ ಓರ್ಲಿಯಾನ್ ನಗರದ ನ್ಯಾಯಾಲಯ ಐದು ಮಂದಿ ಅಭಿಮಾನಿಗಳಿಗೆ ತಲಾ ಒಂದು ಯೂರೋ ಪರಿಹಾರ ಕೊಡಿಸಿತು. ಜಾಕ್ಸನ್ ಸಾವಿನಿಂದ ಅವರ ಮನಸ್ಸಿಗಾದ ನೋವಿಗೆ! ಕೊಡಬೇಕಾದವರು ಜಾಕ್ಸನ್ ಸಾವಿಗೆ ಕಾರಣರೆಂದು ಶಿಕ್ಷೆಯಾಗಿದ್ದ ಅವರ ವೈದ್ಯ ಕಾನ್ರಾಡ್ ಮರ್ರಿ. ದಾವೆ ಹೂಡಿದ್ದವರು 34 ಮಂದಿ, ನೋವು ಸಾಬೀತು ಮಾಡಿದವರು ಐವರೇ. ಕೇಳಿದಾಗ ನಗು ಬರುತ್ತದೆ. ಆದರೆ ಅವರಿಗೆ ಬೇಕಿದ್ದದ್ದು ದುಡ್ಡಲ್ಲ. ಜಾಕ್ಸನ್ ಸಮಾಧಿ ಇರುವುದು ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನ ಸ್ಮಶಾನದಲ್ಲಿ, ಸಾರ್ವಜನಿಕರನ್ನು ಒಳಗೆ ಬಿಡದ ಕಟ್ಟಡದೊಳಗೆ. ನೊಂದವರೆಂದು ನ್ಯಾಯಾಲಯವೇ ಒಪ್ಪಿದರೆ ಅಲ್ಲಿಗೆ ಹೋಗಲು ದಾರಿಯಾದೀತು ಎಂಬ ಆಸೆ. ಹೂವಿಡಲು ಸಮಾಧಿಯೂ ಸಿಗದವರಿಗೆ ಉಳಿಯುವುದು ಚಿತ್ರ ಮತ್ತು ಹಾಡು ಎರಡೇ. ಆ ಚಿತ್ರಕ್ಕೆ ಯಾರೋ ಮಸಿ ಬಳಿದರು ಅನ್ನಿಸಿದಾಗ ಅವರು ಯಾಕೆ ಅಷ್ಟು ಕುದಿಯುತ್ತಾರೆ ಎಂಬುದು ಇಲ್ಲಿ ಸ್ವಲ್ಪ ಅರ್ಥವಾಗುತ್ತದೆ.

ಗೇಲಿಯ ಚಿತ್ರಗಳಿಗೆ ಪೂರ್ತಿ ಉಲ್ಟಾ ಕಾರ್ಟೂನೂ ಬಂದಿದೆ. 2017ರ ಅಕ್ಟೋಬರ್‌ನಲ್ಲಿ ಸಿಬಿಎಸ್ ವಾಹಿನಿಯಲ್ಲಿ ಅವರ ಹಾಡುಗಳನ್ನು ಪೋಣಿಸಿದ ಒಂದು ಗಂಟೆಯ ಕಾರ್ಟೂನು, ದೆವ್ವದ ವೇಷ ಹಾಕುವ ಹ್ಯಾಲೊವೀನ್ ಹಬ್ಬಕ್ಕೆಂದು ಮಾಡಿದ್ದು. ಜಾಕ್ಸನ್ ಆಸ್ತಿ ನೋಡಿಕೊಳ್ಳುವವರ ಒಪ್ಪಿಗೆಯ ಮುದ್ರೆ ಬಿದ್ದದ್ದು. ಯಾರಿಗೂ ನೋವಾಗುವಂಥದ್ದು ಅದರಲ್ಲಿಲ್ಲ. ನೆನಪಿಡುವಂಥದ್ದೂ ಇಲ್ಲ.

ಸುಮ್ನೆ ಕಾನೂನಿನ ಮಾತೂ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಸತ್ತವರ ಮಾನಹಾನಿ ಎಂದು ದಾವೆ ಹೂಡುವುದಕ್ಕೆ ಆಗುವುದಿಲ್ಲ. ಬದುಕಿರುವ ಪ್ರಸಿದ್ಧರನ್ನೇ ಎಷ್ಟೇ ಒರಟಾಗಿ ಗೇಲಿ ಮಾಡಿದರೂ ಅದಕ್ಕೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಇದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1988ರಲ್ಲಿ ಹಸ್ಲರ್ ಪತ್ರಿಕೆಯ ಮೊಕದ್ದಮೆಯಲ್ಲಿ ಹೇಳಿದೆ. ಇನ್ನು ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ಸತ್ತವರ ಹೆಸರು, ಮುಖ ಬಳಸಿ ವ್ಯಾಪಾರ ಮಾಡುವ ಹಕ್ಕು 70 ವರ್ಷ ವಾರಸುದಾರರದ್ದು. ಹಾಗಾಗಿ ಟೀ ಶರ್ಟಿನ ಮೇಲೆ ಜಾಕ್ಸನ್ ಮುಖ ಅಚ್ಚು ಹಾಕಿ ಮಾರಬೇಕಾದರೆ 2079ರವರೆಗೂ ಅವರ ಅನುಮತಿ ಬೇಕು. ವ್ಯಂಗ್ಯಚಿತ್ರ ಬರೆಯುವುದಕ್ಕೆ ಇವತ್ತೂ ಬೇಡ.

ನಮಸ್ಕಾರ.