ಯಾವ ಸಿಲಿಂಡರ್?

ಕೇಳುಗರಿಗೆ ನಮಸ್ಕಾರ.

ಸಿಗ್ನಲ್‌ನಲ್ಲಿ ನಿಂತಾಗ ಕಾರು ಗಡಗಡ ನಡುಗುತ್ತದೆ. ಏರು ಬಂದರೆ ಜಗ್ಗಿ ಜಗ್ಗಿ ಹೋಗುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ. ಆಗ ನೀವೇನು ಮಾಡುತ್ತೀರಿ? ಪಕ್ಕದ ಮನೆಯವರನ್ನು ಕೇಳುತ್ತೀರಿ. ಅವರು ಪೆಟ್ರೋಲ್ ಕಲಬೆರಕೆ ಅನ್ನುತ್ತಾರೆ. ಭಾವಮೈದ ಬಂದು ಕಾರ್ಬೊರೇಟರ್, ಅಂದರೆ ಹಳೇ ಗಾಡಿಗಳಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ, ಹೋಗಿದೆ ಅನ್ನುತ್ತಾನೆ. ನಿಮ್ಮ ಗಾಡಿಯಲ್ಲಿ ಕಾರ್ಬೊರೇಟರೇ ಇರುವುದಿಲ್ಲ! ಆಮೇಲೆ ಸಾಮಾನು ಕೊಳ್ಳಲು ಹೊರಡುತ್ತೀರಿ. ದಯವಿಟ್ಟು ಹೊರಡಬೇಡಿ. ಮೊದಲು ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಯಾವ ಸಿಲಿಂಡರ್?

ಎಂಜಿನ್ನಿನಲ್ಲಿ ಮೂರೋ ನಾಲ್ಕೋ ಸಿಲಿಂಡರ್ ಇರುತ್ತವೆ. ಸರದಿಯ ಪ್ರಕಾರ ಒಂದೊಂದೇ ಉರಿದು ಗಾಡಿಯನ್ನು ತಳ್ಳುತ್ತವೆ. ಒಂದು ಕೈಕೊಟ್ಟರೆ ಅದರ ಸರದಿ ಬಂದಾಗಲೆಲ್ಲ ಎಂಜಿನ್ ಮುಗ್ಗರಿಸುತ್ತದೆ. ನಡುಕ ಅಂದರೆ ಅಷ್ಟೇ. ಉರಿಯಲು ಬೇಕಾದದ್ದು ಗಾಳಿ, ಪೆಟ್ರೋಲು, ಕಿಡಿ, ಒತ್ತಡ. ಪ್ರತಿ ಸಿಲಿಂಡರಿನಲ್ಲೂ ಕಿಡಿ ಹಾರಿಸುವುದು ಒಂದು ಪ್ಲಗ್. ಮನೆಯಲ್ಲಿ ಸುಲಭವಾಗಿ ನೋಡಬಹುದಾದದ್ದು ಕಿಡಿ. ಅದಕ್ಕೇ ಅಲ್ಲಿಂದ ಶುರು ಮಾಡೋಣ.

ಇಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬ ಮೇಷ್ಟ್ರ ವಿಷಯ ಹೇಳಲೇಬೇಕು. ಅವರದು ಹಳೆಯ ಮಾರುತಿ 800. 1983ರಲ್ಲಿ ಬಂದು ನಮ್ಮ ದೇಶಕ್ಕೆ ಕಾರು ಓಡಿಸುವುದನ್ನು ಕಲಿಸಿತಲ್ಲ, ಅದೇ. 796 ಸಿಸಿ, ಮೂರೇ ಸಿಲಿಂಡರ್. ಮಳೆಗಾಲ ಬಂತೆಂದರೆ ಬೆಳಗ್ಗೆ ಗಾಡಿ ಕುಂಟುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತಿತ್ತು. ಮೇಷ್ಟ್ರು ಪೆಟ್ರೋಲ್ ಪಂಪು ಬದಲಾಯಿಸಿದ್ದರು. ಕಾರ್ಬೊರೇಟರ್ ಬಿಚ್ಚಿಸಿ ತೊಳೆಸಿದ್ದರು. ಬ್ಯಾಟರಿ ಕೂಡ ಹೊಸದು! ಬ್ಯಾಟರಿ ಯಾಕೆ ಎಂದು ಕೇಳಿದೆ. 'ಇರಲಿ ಅಂತ' ಅಂದರು.

ಯಾವ ಸಿಲಿಂಡರ್ ಎಂದು ಯಾರೂ ಕೇಳಿರಲಿಲ್ಲ. ನಾನು ಎಂಜಿನ್ ಆಫ್ ಮಾಡಿ, ಮೊದಲನೇ ಪ್ಲಗ್ಗಿನ ವೈರು ಕಿತ್ತೆ. ಅದರ ತುದಿಗೆ ಒಂದು ಹಳೇ ಪ್ಲಗ್ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಎಂಜಿನ್ನಿಗೆ ತಾಗುವಂತೆ ಭದ್ರವಾಗಿ ಇಟ್ಟೆ. ಸ್ಟಾರ್ಟ್ ಮಾಡಿದರೆ ಗಾಡಿ ಇನ್ನೂ ಜಾಸ್ತಿ ಕುಂಟಿತು. ಅಂದರೆ ಮೊದಲನೆಯದು ಕೆಲಸ ಮಾಡುತ್ತಿತ್ತು. ಮೂರನೆಯದರಲ್ಲೂ ಹಾಗೇ ಆಯಿತು. ಎರಡನೆಯದರ ವೈರು ಕಿತ್ತಾಗ ಏನೂ ವ್ಯತ್ಯಾಸವೇ ಇಲ್ಲ! ಸಿಕ್ಕಿತಲ್ಲ ಕಳ್ಳ. ಪ್ಲಗ್ ಬಿಚ್ಚಿದೆ. ಪೆಟ್ರೋಲಿನಲ್ಲಿ ತೊಯ್ದಿತ್ತು. ಪೆಟ್ರೋಲು ಬರುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ಒರೆಸಿ, ಒಂದು ಮತ್ತು ಎರಡರ ಪ್ಲಗ್ಗುಗಳನ್ನು ಅದಲುಬದಲು ಮಾಡಿದೆ. ಕುಂಟುವುದು ಎರಡರಲ್ಲೇ ಉಳಿಯಿತು. ಹಾಗಾದರೆ ಪ್ಲಗ್ ನಿರಪರಾಧಿ, ಉಳಿದದ್ದು ವೈರು.

ಮೇಷ್ಟ್ರಿಗೆ ನಂಬಿಕೆ ಬರಲಿಲ್ಲ. 'ವೈರು ಚೆನ್ನಾಗೇ ಇದೆಯಲ್ಲ' ಎಂದು ಬೆರಳಲ್ಲಿ ಸವರಿ ತೋರಿಸಿದರು. ಕತ್ತಲಾಗಲಿ ಎಂದು ಕಾದೆವು. ಅಷ್ಟರಲ್ಲಿ ಅವಲಕ್ಕಿ, ಕಾಫಿ ಆಯಿತು. ಆಮೇಲೆ ಗಾಡಿಯನ್ನು ಅಂಗಳದಲ್ಲೇ ನಿಲ್ಲಿಸಿ, ದೀಪ ಆರಿಸಿ, ಬಾನೆಟ್ ಎತ್ತಿ ಎಂಜಿನ್ ಓಡಿಸಿದೆವು. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ವೈರುಗಳ ಮೇಲೆ ಸಣ್ಣಗೆ ತುಂತುರು ಬಿಟ್ಟೆ. ಎರಡನೇ ವೈರಿನಿಂದ ಎಂಜಿನ್ನಿನ ಮೈಗೆ ನೀಲಿ ಕಿಡಿಗಳು ಚಟಪಟ ಹಾರತೊಡಗಿದವು. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು. ಥಂಡಿ ಹಿಡಿದಾಗ ಪ್ಲಗ್ಗಿಗೆ ಹೋಗಬೇಕಾದ ಕರೆಂಟು ಅಲ್ಲೇ ಸೋರಿಹೋಗುತ್ತಿತ್ತು. ಎಂಜಿನ್ ಬಿಸಿಯಾಗಿ ವೈರು ಒಣಗಿದರೆ ಗಾಡಿ ಸರಿ. ಹೊಸ ವೈರಿನ ಸೆಟ್ ಹಾಕಿದರು, ರೋಗ ಹೋಯಿತು. ತೆಗೆದುಹಾಕಿದ ಪೆಟ್ರೋಲ್ ಪಂಪು ಈಗಲೂ ಅವರ ಅಟ್ಟದ ಮೇಲಿದೆ. ಪಾಪ, ಅದಕ್ಕೆ ಏನೂ ಆಗಿರಲಿಲ್ಲ.

ನೆನಪಿಡಿ, ಆ ವೈರಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಎಂಜಿನ್ ಓಡುವಾಗ ಮುಟ್ಟಬಾರದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಲೇಬಾರದು, ಹೊಗೆಯಲ್ಲಿ ವಿಷ ಇದೆ.

ಹೊಸ ಗಾಡಿಯವರಿಗೂ ಇದೇ ಮಾತು. ಯಾವ ಸಿಲಿಂಡರ್? ಈಗ ಎಷ್ಟೋ ಕಾರುಗಳಲ್ಲಿ ವೈರಿಲ್ಲ, ಕಿಡಿಗೆ ಬೇಕಾದ ಕರೆಂಟು ಕೊಡುವ ಕಾಯಿಲ್ ಒಂದೊಂದು ಪ್ರತಿ ಪ್ಲಗ್ಗಿನ ತಲೆ ಮೇಲೇ ಕೂತಿರುತ್ತದೆ. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಒಂದು ಸಣ್ಣ ಸ್ಕ್ಯಾನರ್ ಸಿಕ್ಕಿಸಿ, ಮೊಬೈಲ್‌ನಲ್ಲಿ ನೋಡಿ. ಪಿ0302 ಎಂಬ ಕೋಡ್ ಬಂದರೆ ಎರಡನೇ ಸಿಲಿಂಡರ್, ಪಿ0303 ಆದರೆ ಮೂರನೆಯದು. ಆ ಕಾಯಿಲನ್ನು ಪಕ್ಕದ್ದರ ಜೊತೆ ಅದಲುಬದಲು ಮಾಡಿ. ಕೋಡೂ ಕಾಯಿಲಿನ ಜೊತೆಗೇ ಪಕ್ಕದ ಸಿಲಿಂಡರಿಗೆ ಹೋಯಿತೇ? ಕಾಯಿಲ್ ಕೆಟ್ಟಿದೆ. ಹೋಗಲಿಲ್ಲವೇ? ಪ್ಲಗ್ಗನ್ನೂ ಹಾಗೇ ಅದಲುಬದಲು ಮಾಡಿ ನೋಡಿ. ಈ ಅದಲುಬದಲಿಗೆ ಒಂದು ಪೈಸೆ ಖರ್ಚಿಲ್ಲ.

ಓ, ಸಮಯ ಆಗುತ್ತಿದೆ ಎಂದು ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. ಬಿಚ್ಚಿದ ಪ್ಲಗ್ಗಿನ ತುದಿ ಹಾಲು ಬೆರೆಸಿದ ಕಾಫಿ ಬಣ್ಣಕ್ಕಿದ್ದರೆ ಒಳ್ಳೆಯದು. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಜಾಸ್ತಿ ಆಗುತ್ತಿದೆ, ಮೊದಲು ಏರ್ ಫಿಲ್ಟರ್ ನೋಡಿ. ಆಯಿಲ್ ಅಂಟಿದ್ದರೆ, ಸಿಲಿಂಡರಿನೊಳಗೆ ಆಯಿಲ್ ಬರದಂತೆ ತಡೆಯುವ ರಿಂಗೋ ವಾಲ್ವ್ ಸೀಲೋ ಸವೆದಿರಬಹುದು, ಅದು ಮನೆಯಲ್ಲಿ ಆಗುವ ಕೆಲಸವಲ್ಲ. ಎಲ್ಲ ಸಿಲಿಂಡರೂ ಒಟ್ಟಿಗೆ ಕುಂಟಿದರೆ ಹಿಸ್ಸೆನ್ನುವ ಶಬ್ದ ಹುಡುಕಿ, ಎಲ್ಲೋ ಒಂದು ರಬ್ಬರ್ ಪೈಪು ಸೀಳಿ ಗಾಳಿ ಎಳೆಯುತ್ತಿರಬಹುದು.

ಬಿಸಿ ಎಂಜಿನ್ನಿನ ಪ್ಲಗ್ ಬಿಚ್ಚಬೇಡಿ, ಪ್ಲಗ್ ಕೂರುವ ಅಲ್ಯೂಮಿನಿಯಂ ಹೆಡ್ಡಿನ ತಿರುಪಿನ ಸುತ್ತುಗಳು ಕಿತ್ತುಬರಬಹುದು. ವಾಪಸ್ ಹಾಕುವಾಗ ಮೊದಲ ಸುತ್ತುಗಳನ್ನು ಬೆರಳಿನಲ್ಲೇ ತಿರುಗಿಸಿ, ಸ್ಪ್ಯಾನರ್ ಆಮೇಲೆ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಮಿಟುಕುತ್ತಿದ್ದರೆ ಓಡಿಸುತ್ತಾ ಹೋಗಬೇಡಿ. ಉರಿಯದ ಪೆಟ್ರೋಲು ಸೈಲೆನ್ಸರ್ ಪೈಪಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕುತ್ತದೆ, ಅದರ ಬೆಲೆ ಕೇಳಿದರೆ ತಲೆ ತಿರುಗುತ್ತದೆ.

ಡೀಸೆಲ್ ಗಾಡಿಯವರು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಗಾಡಿಯಲ್ಲಿ ಕಿಡಿಯೇ ಇಲ್ಲ. ಕಾಮನ್ ರೈಲ್ ಎಂಜಿನ್, ಅಂದರೆ ಒಂದೇ ಪೈಪಿನಿಂದ ಎಲ್ಲ ಸಿಲಿಂಡರಿಗೂ ಡೀಸೆಲ್ ಹಂಚುವ ಎಂಜಿನ್ನಿನಲ್ಲಿ, ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳ ಪೈಪುಗಳನ್ನು ಮಾತ್ರ ಸಡಿಲಿಸಲು ಹೋಗಬೇಡಿ. ಒಳಗೆ ಒತ್ತಡ 1000 ಬಾರ್ ದಾಟುತ್ತದೆ, ಡೀಸೆಲ್ ಚರ್ಮವನ್ನೇ ತೂರಿ ಒಳಗೆ ಹೋಗುತ್ತದೆ. ಅದನ್ನು ಗ್ಯಾರೇಜಿಗೆ ಬಿಡಿ. ನಮಸ್ಕಾರ.