ಉಳಿದ ದಿನಗಳು ಮಗುವಿನವು

ಕೇಳುಗರೆಲ್ಲರಿಗೂ ನಮಸ್ಕಾರ.

ದಾವಣಗೆರೆಯ ನಮ್ಮ ಅಣ್ಣನ ಮಗನಿಗೆ ರಕ್ತದ ಕ್ಯಾನ್ಸರ್ ಆಗಿತ್ತು. ಒಂಬತ್ತು ವರ್ಷದ ಹುಡುಗ. ಒಮ್ಮೆ ವಾಸಿಯಾಯಿತು ಅಂದುಕೊಂಡೆವು, ಮತ್ತೆ ಬಂತು. 'ಇನ್ನು ಕೀಮೋ ಕೊಟ್ಟರೆ ಅವನಿಗೆ ಸಂಕಟವೇ ಹೊರತು ಗುಣವಾಗುವುದಿಲ್ಲ' ಎಂದು ಬೆಂಗಳೂರಿನ ಡಾಕ್ಟರು ಹೇಳಿದ ದಿನ, ವಾಪಸು ಬರುವ ರೈಲಿನಲ್ಲಿ ಅಣ್ಣ ಅತ್ತಿಗೆ ಒಂದು ಮಾತೂ ಆಡಲಿಲ್ಲ. ಹುಡುಗ ಮಾತ್ರ ಕಿಟಕಿಗೆ ಮುಖ ಒತ್ತಿಕೊಂಡು, 'ಅತ್ತೆ, ಕಡೂರು ಆಯ್ತಾ? ಚಿಕ್ಕಜಾಜೂರು ಎಷ್ಟೊತ್ತಿಗೆ?' ಅಂತ ಕೇಳುತ್ತಲೇ ಇದ್ದ.

ಆಮೇಲಿನ ಎರಡು ವಾರವನ್ನು ನಾವು ಕಳೆದುಕೊಂಡೆವು. ಇದನ್ನು ಹೇಳಲೇಬೇಕು. ಒಬ್ಬರು ನಾಟಿ ಔಷಧಿ ಅಂದರು, ಇನ್ನೊಬ್ಬರು ಹರಕೆ ಅಂದರು, ಮತ್ತೊಬ್ಬರು ಇನ್ನೊಂದು ದೊಡ್ಡ ಆಸ್ಪತ್ರೆಯ ಹೆಸರು ಹೇಳಿದರು. ಎಲ್ಲರದೂ ಪ್ರೀತಿಯೇ. ಆದರೆ ಆ ಓಡಾಟವೆಲ್ಲ ಹುಡುಗನ ಮೈಮೇಲೆ ಬಿತ್ತು. ಮನೆಯಲ್ಲಿದ್ದರೆ ನೋಡಲು ಬಂದವರು ಹಾಸಿಗೆಯ ಪಕ್ಕ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು. ಒಂದು ದಿನ ಅವನೇ, 'ಅಮ್ಮ, ಬಾಗಿಲು ಹಾಕಮ್ಮ' ಅಂದ.

ಅದಕ್ಕಿಂತ ದೊಡ್ಡ ತಪ್ಪು ನೋವಿನದು. ಕಾಲಿನ ಮೂಳೆ ನೋವು ಅಂತ ರಾತ್ರಿಯಿಡೀ ನರಳುತ್ತಿದ್ದ. ಡಾಕ್ಟರು ಮಾರ್ಫಿನ್ ಎಂಬ ಬಲವಾದ ನೋವಿನ ಔಷಧಿ ಬರೆದುಕೊಟ್ಟಿದ್ದರು, ಕೊಡಲು ನಮಗೇ ಧೈರ್ಯ ಇರಲಿಲ್ಲ. ಅದು ಕೊಟ್ಟರೆ ಬೇಗ ಹೋಗಿಬಿಡುತ್ತಾನೆ, ಚಟ ಅಂಟುತ್ತದೆ ಅಂತ ಯಾರೋ ಹೇಳಿದ್ದರು. ಕೊನೆಗೆ ನೋವುಶಮನದ ವಿಭಾಗದ ಸಿಸ್ಟರ್ ಒಬ್ಬರು ಕೂರಿಸಿಕೊಂಡು ತಿಳಿಹೇಳಿದರು. ಮಗುವಿನ ತೂಕ ನೋಡಿ ಅಳೆದು ಕೊಟ್ಟ ಮಾರ್ಫಿನ್ ಪ್ರಾಣ ತೆಗೆಯುವುದಿಲ್ಲ. ಬಾಯಿಂದ ಕುಡಿಸುವ ಮಾಮೂಲು ಬಗೆಯ ಮಾರ್ಫಿನ್ನನ್ನು ನೋವು ಬಂದ ಮೇಲಲ್ಲ, ಹೇಳಿದ ಹೊತ್ತಿಗೆ, ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಕೊಡಬೇಕು. ಮಲಬದ್ಧತೆ ಆಗುತ್ತದೆ, ಅದಕ್ಕೂ ಜೊತೆಗೇ ಔಷಧಿ ಇದೆ. ಮಾದಕ ವಸ್ತುಗಳ ಕಾಯ್ದೆಯ ಬಿಗಿಯಿಂದ ನಮ್ಮ ದೇಶದಲ್ಲಿ ಈ ಔಷಧಿ ಸಿಗುವುದೇ ಕಷ್ಟವಾಗಿತ್ತು. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದದ್ದು ಇಂಥ ರೋಗಿಗಳಿಗೆ ಅದು ಸಿಗಲಿ ಅಂತಲೇ. ದಯವಿಟ್ಟು ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ನೋವುಶಮನ ಆರೈಕೆ ಅಂದರೆ ಕೈಚೆಲ್ಲುವುದಲ್ಲ. ಕಾಯಿಲೆ ಪತ್ತೆಯಾದ ದಿನದಿಂದಲೇ, ಚಿಕಿತ್ಸೆಯ ಜೊತೆಜೊತೆಗೇ ಅದು ಮಗುವಿಗೆ ಸಿಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಔಷಧಿ ಹಿಡಿದ ಮೇಲೆ ಹುಡುಗ ಮೊದಲ ಸಲ ರಾತ್ರಿಪೂರ್ತಿ ಮಲಗಿದ. ಬೆಳಿಗ್ಗೆ ಎದ್ದು ಹಸಿವು ಅಂದ. ನಮಗೆ ದಿನಗಳು ಸಿಕ್ಕಿದ್ದು ಅವತ್ತಿನಿಂದ.

ಅಣ್ಣನಿಗೆ ಮಗನನ್ನು ಎಲ್ಲಾದರೂ ದೂರ ಕರೆದೊಯ್ದು ಸಮುದ್ರ ತೋರಿಸಬೇಕೆಂದು ಆಸೆ. ನಾನು, 'ಅವನನ್ನೇ ಕೇಳೋ' ಅಂದೆ. ಕೇಳಿದರೆ ಹುಡುಗ ಹೇಳಿದ್ದು, 'ಸ್ಕೂಲಿಗೆ ಹೋಗಬೇಕು, ಹಾಜರಿ ಕೂಗುವಾಗ ಇರಬೇಕು' ಅಂತ. ಅಷ್ಟೇ. ಜ್ವರವಿಲ್ಲದ ಒಂದು ದಿನ ನೋಡಿ, ಮಾಸ್ಕ್ ಹಾಕಿ, ಆಟೋದಲ್ಲಿ ಕರೆದುಕೊಂಡು ಹೋದೆವು. ತಲೆಗೆ ಟೋಪಿ, ಸಡಿಲವಾದ ಯೂನಿಫಾರ್ಮ್, ಚಡ್ಡಿಗೆ ಅವನಮ್ಮ ಹಾಕಿದ ಪಿನ್ನು. ಟೀಚರು ಎಂದಿನಂತೆ ಒಂದೊಂದೇ ಹೆಸರು ಕೂಗುತ್ತಾ ಬಂದರು. ಅವನ ಹೆಸರು ಬಂದಾಗ ಅವರ ದನಿ ಬದಲಾಗಲಿಲ್ಲ. ಆ ತಾಯಿಗೆ ನಾನು ಋಣಿ. 'ಪ್ರೆಸೆಂಟ್ ಮಿಸ್' ಅಂದ, ಜೋರಾಗಿ. ಇಪ್ಪತ್ತು ನಿಮಿಷ ಕೂತಿದ್ದು ಸುಸ್ತಾಗಿ ಬಂದ. ಆಮೇಲೆ ಎರಡು ದಿನ ಅದೇ ಮಾತು.

ಮಕ್ಕಳಿಗೆ ಗೊತ್ತಾಗುವುದಿಲ್ಲ ಅಂದುಕೊಳ್ಳುತ್ತೇವೆ. ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಎಂಬ ಮಾನವಶಾಸ್ತ್ರಜ್ಞೆ 1970ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರಿನ ಪುಟ್ಟ ಮಕ್ಕಳ ಜೊತೆ ತಿಂಗಳುಗಟ್ಟಲೆ ಕೂತು ಕಂಡುಕೊಂಡದ್ದೇ ಬೇರೆ. ಯಾರೂ ಹೇಳದಿದ್ದರೂ ಆ ಮಕ್ಕಳಿಗೆ ಗೊತ್ತಿತ್ತು. ದೊಡ್ಡವರು ನೊಂದಾರು ಅಂತ ಸುಮ್ಮನಿದ್ದವು. ನಮ್ಮವನೂ ಒಂದು ರಾತ್ರಿ ನನ್ನನ್ನು, 'ಅತ್ತೆ, ನಾನು ದೊಡ್ಡೋನಾಗಲ್ಲ ಅಲ್ವಾ?' ಅಂದ. ಆಗುತ್ತೀಯ ಅನ್ನಲು ನಾಲಿಗೆ ಬರಲಿಲ್ಲ. 'ನಿನಗೆ ಹಾಗನ್ನಿಸ್ತಿದೆಯಾ ಕಂದ?' ಅಂದೆ. 'ಹ್ಞೂಂ' ಅಂದ. 'ನಾವೆಲ್ಲ ಇಲ್ಲೇ ಇರ್ತೀವಿ, ನಿನ್ನೊಬ್ಬನ್ನೇ ಬಿಡಲ್ಲ' ಅಂದೆ. ಕೈ ಹಿಡಿದುಕೊಂಡು ನಿದ್ದೆಹೋದ.

ಇನ್ನೊಂದು ಮಗು ಇರುವ ಮನೆಯವರು ಅದನ್ನು ಮರೆಯಬೇಡಿ. ಅವನ ಅಕ್ಕನಿಗೆ ಆಗ ಹನ್ನೆರಡು. ಆಸ್ಪತ್ರೆಯ ವರ್ಷಗಳಲ್ಲೆಲ್ಲ ಅವಳನ್ನು ಅವರಿವರ ಮನೆಯಲ್ಲಿ ಬಿಟ್ಟಿದ್ದೆವು. ಕೊನೆಯ ತಿಂಗಳಲ್ಲಿ ಮಧ್ಯಾಹ್ನದ ಔಷಧಿ ಕೊಡುವ ಕೆಲಸ ಅವಳೇ ಕೇಳಿ ತೆಗೆದುಕೊಂಡಳು. ಡೋಸು ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ, ಕುಡಿಸುವುದು ಅವಳು. ಔಷಧಿ ಆದಮೇಲೆ ಹಾಸಿಗೆಯ ಮೇಲೇ ಚೌಕಾಬಾರ.

ಅವನು ಕೇಳಿದ ಕೊನೆಯದು ಬೆಣ್ಣೆ ದೋಸೆ. ಹೋಟೆಲಿನದು ಬೇಡ, ನಮ್ಮನೆ ಹಿತ್ತಲಲ್ಲಿ, ಸೌದೆ ಒಲೆ ಮೇಲೆ, ಅಪ್ಪನೇ ಹಾಕಬೇಕು ಅಂದ. ಅಣ್ಣನಿಗೆ ದೋಸೆ ಹಾಕಿ ಗೊತ್ತೇ ಇರಲಿಲ್ಲ. ಭಾನುವಾರ ಬೆಳಿಗ್ಗೆ ಹುಡುಗ ಅಜ್ಜಿಯ ತೊಡೆಯ ಮೇಲೆ, ಕಂಬಳಿ ಹೊದ್ದು ಒಲೆಯಿಂದ ಸ್ವಲ್ಪ ದೂರ ಕೂತ. ಮೊದಲ ಎರಡು ಕಾವಲಿಗೆ ಹಿಡಿದು ಹರಿದುಹೋದವು. ಮೂರನೆಯದು ಎದ್ದಿತು. 'ಇನ್ನೂ ಬೆಣ್ಣೆ ಹಾಕಪ್ಪ, ಇನ್ನೂ' ಅಂದ. ಅವನ ಬಾಯೆಲ್ಲ ಹುಣ್ಣು. ಒಂದು ಚೂರು ನಾಲಿಗೆಗೆ ಮುಟ್ಟಿಸಿ ತಟ್ಟೆಯನ್ನು ಅಕ್ಕನ ಕಡೆ ತಳ್ಳಿದ. 'ನೀನು ತಿನ್ನು, ನಾನು ಎಣಿಸ್ತೀನಿ.'

ಅವತ್ತು ಅವಳು ನಾಲ್ಕು ತಿಂದಳು.