ಬೆಟ್ಟದ ಕಡೆ, ಸಮುದ್ರದ ಕಡೆ: ಕೋಬೆ ಊರಿನ ಕಥೆ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳ್ತಿದೆಯಾ? ಸರಿ ಹಾಗಾದ್ರೆ ಶುರು ಮಾಡೋಣ.

ಕೋಬೆ ಅಂದ ತಕ್ಷಣ ಇಬ್ಬರು ಬೀಫ್ ಅಂತಾರೆ, ಇನ್ನಿಬ್ಬರು ಬ್ಯಾಸ್ಕೆಟ್‌ಬಾಲ್ ಕೋಬಿ ಬ್ರಯಂಟ್ ಅಂತಾರೆ. ಅವನಿಗೆ ಆ ಹೆಸರು ಇಟ್ಟಿದ್ದೇ ಆ ಬೀಫ್ ನೋಡಿ, ಹಾಗಾಗಿ ಎರಡೂ ಒಂದೇ ಉತ್ತರ, ಎರಡನ್ನೂ ಇವತ್ತು ಇಲ್ಲಿಗೇ ಬಿಡೋಣ. ನಾನು ಹೇಳಕ್ಕೆ ಹೊರಟಿರೋದು ಊರಿನ ಬಗ್ಗೆ. ಜಪಾನಿನ ಒಸಾಕಾ ಕೊಲ್ಲಿಯ ದಡದಲ್ಲಿ ಉದ್ದಕ್ಕೆ ಒಂದು ಪಟ್ಟಿ ಥರ ಹಾಸ್ಕೊಂಡಿದೆ, ಸುಮಾರು 15 ಲಕ್ಷ ಜನ, ಹಿಂದುಗಡೆ ಬೆಟ್ಟದ ಸಾಲು, ಮುಂದುಗಡೆ ನೀರು, ಮಧ್ಯದ ಜಾಗ ಎಷ್ಟೋ ಕಡೆ ಎರಡು ಮೂರು ಕಿಲೋಮೀಟರ್ ಅಷ್ಟೇ. ನಾನು ಸ್ವಲ್ಪ ದಿನ ಅಲ್ಲಿದ್ದಾಗ ಮೊದಲ ವಾರದಲ್ಲೇ ಗಮನಿಸಿದ್ದು ಏನಂದ್ರೆ, ಅಲ್ಲಿ ಯಾರೂ ದಾರಿ ಹೇಳುವಾಗ ಉತ್ತರ ದಕ್ಷಿಣ ಅನ್ನಲ್ಲ. ಬೆಟ್ಟದ ಕಡೆ ಹೋಗಿ, ಸಮುದ್ರದ ಕಡೆ ಇಳೀರಿ, ಅಷ್ಟೇ. ದೊಡ್ಡ ಅಂಗಡಿ ಒಳಗೆ ಲಿಫ್ಟ್ ಹುಡುಕ್ತಿದ್ರೂ "ಬೆಟ್ಟದ ಕಡೆ ಬಾಗಿಲು" ಅಂತ ಬೋರ್ಡ್ ಇರತ್ತೆ, ನಾಲ್ಕು ಗೋಡೆ ಒಳಗೆ ನಿಂತಿರೋ ನಮಗೆ ಬೆಟ್ಟ ಎಲ್ಲಿ ಕಾಣ್ಬೇಕು! ಮೂರು ರೈಲು ಲೈನ್‌ಗಳು ಪಕ್ಕಪಕ್ಕದಲ್ಲೇ ಓಡ್ತವೆ, ಬೆಟ್ಟದ ಕಡೆದು ಸ್ವಲ್ಪ ದುಡ್ಡಿದ್ದವರ ಲೈನು, ಸಮುದ್ರದ ಕಡೆದು ಫ್ಯಾಕ್ಟರಿ ಕೆಲಸದವರ ಲೈನು ಅಂತ ಊರಲ್ಲೇ ತಮಾಷೆ ಮಾಡ್ತಾರೆ.

ಆ ಬೆಟ್ಟದ ಹೆಸರು ರೊಕ್ಕೋ. ಧಾರವಾಡದ ಕಡೆಯವರು ಆಗ್ಲೇ ನಗ್ತಿದ್ದೀರಿ, ನಗಿ ನಗಿ, ಮುಂದೆ ಆ ಬೆಟ್ಟ ನಿಜವಾಗ್ಲೂ ರೊಕ್ಕ ಆಗತ್ತೆ, ಹೇಳ್ತೀನಿ. ಎತ್ತರ 931 ಮೀಟರ್, ಎಲ್ಲಾ ಗ್ರಾನೈಟ್. ಈ ಊರಿನ ಮಿಕಾಗೆ ಅನ್ನೋ ಏರಿಯಾದಿಂದ ಕಲ್ಲು ಎಲ್ಲಾ ಕಡೆ ಹೋಗಿ ಹೋಗಿ ಜಪಾನಲ್ಲಿ ಗ್ರಾನೈಟ್‌ಗೇ ಮಿಕಾಗೆ ಕಲ್ಲು ಅಂತ ಹೆಸರು ಬಿತ್ತು. ಕಲ್ಲಿಗೆ, ಸೌದೆಗೆ ಅಂತ ಕಡಿದು ಕಡಿದು ಬೆಟ್ಟ ಬೋಳಾಗಿತ್ತು. ಮಕಿನೋ ತೊಮಿತಾರೋ ಅಂತ ದೊಡ್ಡ ಸಸ್ಯಶಾಸ್ತ್ರಜ್ಞರು 1881ರಲ್ಲಿ ಹಡಗಿನಿಂದ ನೋಡಿದಾಗ ಹಿಮ ಬಿದ್ದಿದೆ ಅಂದ್ಕೊಂಡ್ರಂತೆ, ಅದು ಬರೀ ಮಣ್ಣು! 1902ರಿಂದ ಗಿಡ ನೆಡೋಕೆ ಶುರು ಮಾಡಿದ್ರು, ಇವತ್ತು ನಾವು ಫೋಟೋದಲ್ಲಿ ನೋಡೋ ಹಸಿರು ಕಾಡು ಬಹುಪಾಲು ಮನುಷ್ಯರು ಕೈಯಿಂದ ನೆಟ್ಟಿದ್ದು. ಸುಮ್ನೆ ಶೋಕಿಗೆ ನೆಟ್ಟಿದ್ದಲ್ಲ. ಅಲ್ಲಿ ನದಿಗಳು ಚಿಕ್ಕವು, ಕಡಿದಾದವು, ಮಳೆ ಬಂದ್ರೆ ಮಣ್ಣು ಬಂಡೆ ಎಲ್ಲಾ ಸೀದಾ ಊರೊಳಗೆ. 1938ರ ಜುಲೈ ಪ್ರವಾಹದಲ್ಲಿ 600ಕ್ಕೂ ಹೆಚ್ಚು ಜನ ಹೋದ್ರು. ತೀರಾ ಈಚೆಗೆ 2008ರಲ್ಲಿ ತೋಗಾ ನದಿ, ನದಿ ಅಂದ್ರೆ ಕಾಂಕ್ರೀಟ್ ಕಟ್ಟಿರೋ ಹಳ್ಳ ಅಷ್ಟೇ, ಪಾದ ಮುಳುಗೋಷ್ಟು ನೀರಲ್ಲಿ ಮಕ್ಕಳು ಆಡೋ ಜಾಗ, ಹತ್ತೇ ನಿಮಿಷದಲ್ಲಿ 1.34 ಮೀಟರ್ ಏರಿಬಿಡ್ತು, ಐದು ಜನ ಕೊಚ್ಚಿಹೋದ್ರು, ಅದ್ರಲ್ಲಿ ಮೂರು ಮಕ್ಕಳು. ಆಮೇಲೆ ಅಂಥ ಹಳ್ಳಗಳ ಪಕ್ಕ ತಿರುಗೋ ಲೈಟು ಹಾಕಿದ್ದಾರೆ, ಭಾರಿ ಮಳೆಯ ಎಚ್ಚರಿಕೆ ಬಂತು ಅಂದ್ರೆ ತಾನಾಗೇ ಹತ್ಕೊಳತ್ತೆ, ಹತ್ತಿದ್ರೆ ಮೇಲೆ ಬನ್ನಿ ಅಂತ ಅರ್ಥ.

ಹಳೇ ಕಾಲದ್ದು ಬೇಗ ಹೇಳಿ ಮುಗಿಸ್ತೀನಿ. ತೈರಾ ನೊ ಕಿಯೊಮೋರಿ ಅಂತ ಒಬ್ಬ ಸೇನಾನಿ 12ನೇ ಶತಮಾನದಲ್ಲಿ ಇಲ್ಲಿನ ರೇವು ಕಟ್ಟಿಸಿದ, 1180ರಲ್ಲಿ ರಾಜಧಾನಿನೇ ಇಲ್ಲಿಗೆ ತಂದ, ಆರು ತಿಂಗಳು ಕೂಡ ಸರಿಯಾಗಿ ನಿಲ್ಲಲಿಲ್ಲ, ವಾಪಸ್ ಕ್ಯೋಟೋಗೆ. ಅಲೆ ತಡೆಯೋಕೆ ಅವನು ಸಮುದ್ರದಲ್ಲಿ ಒಂದು ದ್ವೀಪ ಹಾಕಿಸಿದ. ಎಷ್ಟು ಸುರಿದ್ರೂ ಕೊಚ್ಚಿ ಹೋಗ್ತಿತ್ತಂತೆ, ನರಬಲಿ ಕೊಡ್ಬೇಕು ಅಂದ್ರಂತೆ, ಕೊನೆಗೆ ಬಲಿ ಬದಲು ಕಲ್ಲುಗಳ ಮೇಲೆ ಬೌದ್ಧ ಸೂತ್ರ ಬರೆದು ಮುಳುಗಿಸಿದ್ರು ಅಂತ ಕಥೆ. ನೀರಿನ ಕೆಲಸಕ್ಕೆ ಬಲಿ ಕೇಳೋ ಕಥೆ ನಮಗೇನು ಹೊಸದಲ್ಲ ಬಿಡಿ.

ಆಧುನಿಕ ಕೋಬೆ ಹುಟ್ಟಿದ ದಿನ ಮಾತ್ರ ಪಕ್ಕಾ ಗೊತ್ತು, 1868ರ ಜನವರಿ 1, ವಿದೇಶಿ ಹಡಗುಗಳಿಗೆ ಬಂದರು ತೆರೆದ ದಿನ. ವಿದೇಶಿಯರಿಗೆ ಅಂತಲೇ ಒಂದು ಬಡಾವಣೆ, ಅದು 1899ರ ವರೆಗೆ ಅವರದ್ದೇ ಆಡಳಿತ. 1893ರಲ್ಲಿ ಜಪಾನಿನ ಮೊದಲ ದೂರದ ಹಡಗು ಲೈನ್ ಕೋಬೆಯಿಂದ ಹೊರಟಿದ್ದು ಎಲ್ಲಿಗೆ ಗೊತ್ತಾ, ಬಾಂಬೆಗೆ! ಹತ್ತಿ ತರೋಕೆ. 1923ರಲ್ಲಿ ಯೊಕೊಹಾಮಾ ಭೂಕಂಪದಲ್ಲಿ ನೆಲಸಮ ಆದಾಗ ಅಲ್ಲಿದ್ದ ಸಿಂಧಿ ವ್ಯಾಪಾರಿಗಳು ಬಹಳ ಜನ ಕೋಬೆಗೆ ಬಂದ್ರು. ಜಪಾನಿನ ಮೊದಲ ಮಸೀದಿ 1935ರಲ್ಲಿ ಕಟ್ಟಿದ್ದು ಇಲ್ಲೇ, ಕಟ್ಟಿದವರಲ್ಲಿ ಭಾರತೀಯರೂ ಇದ್ರು, 1945ರ ಬಾಂಬ್ ದಾಳಿಗೂ ಅದು ಬೀಳಲಿಲ್ಲ, 1995ರಲ್ಲಿ ಇಲ್ಲೇ ಆದ ಭೂಕಂಪಕ್ಕೂ ಬೀಳಲಿಲ್ಲ. ಹತ್ತಿರದಲ್ಲೇ ಅಮೃತಶಿಲೆಯ ಜೈನ ಬಸದಿ ಕೂಡ ಇದೆ. ಹಾಗೇ ಊರು ಬಿಟ್ಟು ಹೋದವರೂ ಇಲ್ಲಿಂದಲೇ ಹೋದ್ರು, 1908ರಲ್ಲಿ ಕಸಾತೋ ಮಾರು ಅನ್ನೋ ಹಡಗು 781 ಜನರನ್ನ ತುಂಬ್ಕೊಂಡು ಬ್ರೆಜಿಲ್ ಕಾಫಿ ತೋಟಗಳಿಗೆ ಹೊರಟಿತು.

ಈಗ ರೊಕ್ಕದ ವಿಷಯ. ಯುದ್ಧ ಮುಗಿದ ಮೇಲೆ ಊರಿಗೆ ಜಾಗ ಸಾಲಲ್ಲ, ಬಂದರಿಗೂ ಸಾಲಲ್ಲ, ಮನೆಗೂ ಸಾಲಲ್ಲ. ನಗರಸಭೆ ಏನು ಮಾಡ್ತು ಅಂದ್ರೆ ಊರಿನ ಪಶ್ಚಿಮದ ಗುಡ್ಡಗಳನ್ನ ಕಡಿದು, 1964ರಿಂದ ಒಂದು ಕನ್ವೇಯರ್ ಬೆಲ್ಟ್, ಒಟ್ಟು 14.5 ಕಿಲೋಮೀಟರ್, ಬಹುಪಾಲು ಸುರಂಗದಲ್ಲಿ, ಅದರ ಮೇಲೆ ಮಣ್ಣು ದಡಕ್ಕೆ, ದಡದಿಂದ ದೋಣಿಗೆ, ದೋಣಿಯಿಂದ ಸಮುದ್ರಕ್ಕೆ. ಗುಡ್ಡ ಇದ್ದ ಕಡೆ ಸಪಾಟಾಗಿ ಲೇಔಟ್ ಆಯ್ತು, ಸಮುದ್ರ ಇದ್ದ ಕಡೆ ಪೋರ್ಟ್ ಐಲ್ಯಾಂಡ್ ಆಯ್ತು, ಎರಡನ್ನೂ ಮಾರಿದ್ರು! ಬೆಟ್ಟ ಸಮುದ್ರಕ್ಕೆ ಹೋಗತ್ತೆ ಅಂತ ಜನ ಮಾತಾಡ್ಕೊಂಡ್ರು. 1981ರಲ್ಲಿ ಅದೇ ದ್ವೀಪದಲ್ಲಿ ದೊಡ್ಡ ವಸ್ತುಪ್ರದರ್ಶನ, 1 ಕೋಟಿ 60 ಲಕ್ಷ ಜನ ಬಂದ್ರು, ಡ್ರೈವರ್ ಇಲ್ಲದ ರೈಲು ಓಡಿಸಿದ್ರು. ದೇಶದ ಬೇರೆ ಊರುಗಳೆಲ್ಲಾ ಬಂದು ನೋಡ್ಕೊಂಡು ಹೋಗೋವು, "ಕೋಬೆ ನಗರ ಪ್ರೈವೇಟ್ ಲಿಮಿಟೆಡ್" ಅನ್ನೋ ಥರ ಹೆಸರೇ ಬಿದ್ದುಬಿಡ್ತು. ನನಗೂ ಇದು ಓದುವಾಗ ಮೊದಲು ಭಾರಿ ಖುಷಿ ಆಗಿತ್ತು, ಎಂಥ ಬುದ್ಧಿ ಅಂತ.

1995 ಜನವರಿ 17, ಬೆಳಗಿನ ಜಾವ 5 ಗಂಟೆ 46 ನಿಮಿಷ. ಈ ಕಡೆಗೆಲ್ಲಾ ದೊಡ್ಡ ಭೂಕಂಪ ಬರಲ್ಲ ಅಂತ ಜನ ನಂಬ್ಕೊಂಡಿದ್ರು. 7.3ರ ಕಂಪನ. ಒಟ್ಟು ಸತ್ತವರು 6,434, ಅದರಲ್ಲಿ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಕೋಬೆಯವರೇ. ಎತ್ತರದ ಹೈವೇ 635 ಮೀಟರ್ ಉದ್ದಕ್ಕೂ ಪಕ್ಕಕ್ಕೆ ಮಲಗಿಬಿಡ್ತು, ಆ ಫೋಟೋ ನೀವೆಲ್ಲಾ ನೋಡಿರ್ತೀರ. ಆದ್ರೆ ಹೆಚ್ಚಿನ ಜನ ಸತ್ತಿದ್ದು ಹೈವೇಲಲ್ಲ, ಮನೇಲಿ ಮಲಗಿದ್ದಲ್ಲೇ. ಹಳೇ ಮರದ ಮನೆ, ಮೇಲೆ ಭಾರದ ಹೆಂಚು, ಕೆಳಗಿನ ಮಹಡಿ ಚಪ್ಪಟೆ. ನಗಾತಾ ಅನ್ನೋ ವಾರ್ಡಲ್ಲಿ ಚಪ್ಪಲಿ ಶೂ ಮಾಡೋ ಸಣ್ಣ ಸಣ್ಣ ವರ್ಕ್‌ಶಾಪ್‌ಗಳು ಮನೆಗಳ ಮಧ್ಯೆನೇ, ಕೊರಿಯಾದವರು ವಿಯೆಟ್ನಾಮಿನವರು ಬಹಳ ಇರೋ ಜಾಗ, ಬೆಂಕಿ ಹತ್ಕೊಳ್ತು, ಪೈಪ್ ಒಡೆದು ನಲ್ಲೀಲಿ ನೀರಿಲ್ಲ, ಫೈರ್ ಇಂಜಿನ್‌ನವರು ಬಂದು ಖಾಲಿ ಪೈಪ್ ಹಿಡ್ಕೊಂಡು ನಿಂತ್ರು. ಪೋರ್ಟ್ ಐಲ್ಯಾಂಡಲ್ಲಿ ತುಂಬಿದ ನೆಲದಿಂದ ಕೆಸರು ಉಕ್ಕಿ ಬಂತು.

ಅವಶೇಷದಡಿ ಸಿಕ್ಕಿಕೊಂಡವರು ಸುಮಾರು 35 ಸಾವಿರ ಅಂತ ಅಂದಾಜು, ಅವರಲ್ಲಿ 27 ಸಾವಿರ ಜನರನ್ನ ಎಳೆದು ತೆಗೆದಿದ್ದು ಅಕ್ಕಪಕ್ಕದ ಮನೆಯವರು. ಪೊಲೀಸು, ಫೈರ್, ಸೈನ್ಯ ಎಲ್ಲಾ ಸೇರಿ ತೆಗೆದಿದ್ದು ಉಳಿದ 8 ಸಾವಿರ. ಎದುರಿಗಿನ ಅವಾಜಿ ದ್ವೀಪದ ತುದಿಯ ಹೊಕುದಾನ್ ಊರಲ್ಲಂತೂ ಯಾವ ಮನೆ ಅಜ್ಜಿ ಯಾವ ಕೋಣೇಲಿ ಮಲಗ್ತಾರೆ ಅಂತ ಊರಿಗೇ ಗೊತ್ತಿತ್ತು, ಸೀದಾ ಅಲ್ಲೇ ಅಗೆದ್ರು, ಅವತ್ತೇ ಸಂಜೆಯೊಳಗೆ ಸುಮಾರು 300 ಜನರನ್ನ ಹೊರಗೆ ತೆಗೆದಿದ್ರು. ನಗಾತಾದಲ್ಲೇ ಮಾನೋ ಅಂತ ಒಂದು ಕೇರಿ ಇದೆ. ಫ್ಯಾಕ್ಟರಿ ಹೊಗೆ ವಿರುದ್ಧ 1960ರ ದಶಕದಲ್ಲೇ ಒಟ್ಟಾಗಿ ಗಲಾಟೆ ಶುರು ಮಾಡಿದ ಜನ, ಆಮೇಲೆ ತಮ್ಮ ಬೀದಿಯ ಪ್ಲಾನ್ ತಾವೇ ಮಾಡ್ಕೊಂಡ್ರು, 1981ರಲ್ಲಿ ನಗರಸಭೆ ಇಂಥ ಬೀದಿ ಸಮಿತಿಗಳಿಗೆ ಮಾನ್ಯತೆ ಕೊಡೋ ಕಾನೂನನ್ನೇ ತಂತು. ಭೂಕಂಪದ ದಿನ ಅಲ್ಲೂ ಬೆಂಕಿ ಬಿತ್ತು, ಜನ ಸಾಲಾಗಿ ನಿಂತು ಬಕೆಟ್ ದಾಟಿಸಿದ್ರು, ಪಕ್ಕದ ಬೆಲ್ಟ್ ಫ್ಯಾಕ್ಟರಿಯ ಸ್ವಂತ ಅಗ್ನಿಶಾಮಕ ತಂಡ ಬಂತು, ಹರಡೋದು ನಿಂತಿತು. 1981 ಅಂದ್ನಲ್ಲ, ಆ ವಸ್ತುಪ್ರದರ್ಶನದ ವರ್ಷವೇ. ಅವತ್ತು ಪೇಪರಲ್ಲಿ ಬಂದಿದ್ದು ದ್ವೀಪದ ಫೋಟೋ, ಬೀದಿ ಸಮಿತಿ ಕಾನೂನು ಯಾರ ಕಣ್ಣಿಗೆ ಬೀಳತ್ತೆ ಹೇಳಿ.

ಆಮೇಲೆ ಆಗಿದ್ದು ಇನ್ನೂ ಬೇಜಾರು. ತಾತ್ಕಾಲಿಕ ಮನೆ ಕೊಟ್ರು, ಲಾಟರಿ ಎತ್ತಿ ಕೊಟ್ರು, ವಯಸ್ಸಾದವರಿಗೆ ಮೊದಲು ಅಂತ ನ್ಯಾಯವಾಗೇ ಕೊಟ್ರು, ಆದ್ರೆ ಆ ನ್ಯಾಯದಿಂದ ಒಂದು ಬೀದಿಯವರು ಹತ್ತು ಕಡೆ ಚದುರಿಹೋದ್ರು. ಪಕ್ಕದ ಬಾಗಿಲಿನವರ ಹೆಸರು ಗೊತ್ತಿಲ್ಲ. ಆ ತಾತ್ಕಾಲಿಕ ಮನೆಗಳಲ್ಲಿ ಯಾರಿಗೂ ಗೊತ್ತಾಗದೆ ಒಂಟಿಯಾಗಿ ಸತ್ತವರು 233 ಜನ. ಕೊದೊಕುಶಿ ಅಂತ ಅದಕ್ಕೊಂದು ಪದವೇ ಇದೆ.

ಒಳ್ಳೇದೂ ಆಯ್ತು. ಆ ವರ್ಷ ದೇಶದ ಎಲ್ಲಾ ಕಡೆಯಿಂದ ಹತ್ತು ಲಕ್ಷಕ್ಕೂ ಮೀರಿ ವಾಲಂಟಿಯರ್‌ಗಳು ಬಂದ್ರು, ಹೆಚ್ಚಿನವರು ಕಾಲೇಜು ಹುಡುಗರು, 1998ರಲ್ಲಿ ಎನ್‌ಜಿಓಗಳಿಗೆ ಅಂತ ಕಾನೂನು ಬರೋಕೆ ಅದೇ ಕಾರಣ. ನಗಾತಾದ ಸುಟ್ಟುಹೋದ ಚರ್ಚ್ ಜಾಗದಲ್ಲಿ ಶಿಗೆರು ಬಾನ್ ಅನ್ನೋ ವಾಸ್ತುಶಿಲ್ಪಿ 58 ಕಾಗದದ ಕೊಳವೆ ನಿಲ್ಲಿಸಿ ಚರ್ಚ್ ಕಟ್ಟಿದ್ರು, ಹೌದು ಕಾಗದದ್ದೇ, ಹತ್ತು ವರ್ಷ ನಿಂತಿತು, ಆಮೇಲೆ ಬಿಚ್ಚಿ ತೈವಾನಿನ ಭೂಕಂಪ ಆದ ಊರಿಗೆ ಕೊಟ್ರು. ಅದೇ ಆವರಣದಿಂದ ಕೊರಿಯನ್, ವಿಯೆಟ್ನಾಮೀಸ್ ಅಂತ ಹಲವು ಭಾಷೇಲಿ ಒಂದು ಪುಟ್ಟ ರೇಡಿಯೋ ಕೂಡ ನಡೀತು, ನೀರು ಎಲ್ಲಿ ಸಿಗತ್ತೆ, ಔಷಧಿ ಎಲ್ಲಿ ಕೊಡ್ತಾರೆ ಅಂತ ಹೇಳೋದೇ ದೊಡ್ಡ ಕೆಲಸ ಆಗ.

ನಗರಸಭೆ ಬದಲಾಯ್ತಾ? ಪೂರ್ತಿ ಏನಿಲ್ಲ. ಸಮುದ್ರ ತುಂಬಿ ಏರ್‌ಪೋರ್ಟ್ ಮಾಡ್ತೀವಿ ಅಂತ ಹೊರಟ್ರು, ಮೊದಲು ಮನೆ ಕೊಡಿ, ಜನರ ವೋಟು ಕೇಳಿ ಅಂತ 1998ರಲ್ಲಿ 3 ಲಕ್ಷಕ್ಕೂ ಹೆಚ್ಚು ಸಹಿ ಬಂತು, ಕೌನ್ಸಿಲ್ ತಳ್ಳಿಹಾಕ್ತು, 2006ರಲ್ಲಿ ಏರ್‌ಪೋರ್ಟ್ ಓಪನ್ ಆಯ್ತು. ನಾನೂ ಅದರಲ್ಲೇ ಇಳಿದೆ, ಸುಳ್ಳು ಯಾಕೆ ಹೇಳ್ಲಿ, ಊರಿಗೆ ಹದಿನೆಂಟು ನಿಮಿಷ, ಬಹಳ ಅನುಕೂಲ.

ಮೆರಿಕೆನ್ ಪಾರ್ಕ್ ಅಂತ ದಡದಲ್ಲಿ ಒಂದು ಪಾರ್ಕ್ ಇದೆ, ಅಮೆರಿಕನ್ ಅನ್ನೋದು ಅವರ ಬಾಯಲ್ಲಿ ಮೆರಿಕೆನ್ ಆಗಿದ್ದು. ಅಲ್ಲಿ ಹಡಗು ನಿಲ್ಲೋ ಧಕ್ಕೆಯನ್ನ 60 ಮೀಟರ್ ಉದ್ದಕ್ಕೆ ಭೂಕಂಪದ ದಿನ ಒಡೆದ ಹಾಗೇ ಬಿಟ್ಟಿದ್ದಾರೆ. ಬಾಯಿಬಿಟ್ಟ ಕಾಂಕ್ರೀಟ್, ಸಂದೀಲಿ ಸಮುದ್ರದ ನೀರು ಒಳಗೆ ಬಂದು ಹೋಗ್ತಿರತ್ತೆ, ಲೈಟ್ ಕಂಬಗಳು ಓರೆಯಾಗಿ ನಿಂತಿವೆ. ನಾನು ಹೋದಾಗ ಒಬ್ಬರು ಅಜ್ಜ ಕಂಬಿ ಹತ್ರ ಕೂತು ಡಬ್ಬಿ ಬಿಚ್ಚಿ ಊಟ ಮಾಡ್ತಿದ್ರು. ಸ್ಟೇಷನ್ ಎಲ್ಲಿ ಅಂತ ಕೇಳ್ದೆ. ಚಾಪ್‌ಸ್ಟಿಕ್‌ನಲ್ಲೇ ತೋರಿಸಿ ಬೆಟ್ಟದ ಕಡೆ ಅಂದ್ರು.

ಹಿಂದೆ ಟೀ ಬಂದಿದೆ ಅಂತ ಸನ್ನೆ ಮಾಡ್ತಿದ್ದಾರೆ. ಪ್ರಶ್ನೆ ಇದ್ರೆ ಕುಡೀತಾ ಕೇಳಿ, ಬೀಫ್ ಬಗ್ಗೆ ಬಿಟ್ಟು.